ಮಾವನ ಕಾಲು ಬೆಚ್ಚಗಾದದ್ದು ಹೇಗೆ?

ಹೊಲಿಗೆಯಕ್ಕನಿಗೆ ಅಚ್ಚುಕಟ್ಟೆಂದರೆ ಪ್ರಾಣ. ಅವಳ ಹೊಲಿಗೆ ಮೇಜಿಗೂ ಗೋಡೆಯ ಪ್ಲಗ್ಗಿಗೂ ಎರಡು ಹೆಜ್ಜೆ ದೂರ. ಅಷ್ಟಕ್ಕೇ ಐದು ಮೀಟರ್ ವೈರಿನ ಎಕ್ಸ್‌ಟೆನ್ಶನ್ ಬೋರ್ಡ್ ತಂದಿದ್ದಳು. ಮೆಷಿನ್ನು, ದೀಪ, ಇಸ್ತ್ರಿಪೆಟ್ಟಿಗೆ ಮೂರೂ ಅದರಲ್ಲೇ. ಮಿಕ್ಕ ವೈರು ಕಾಲಿಗೆ ತೊಡರುತ್ತದೆಂದು ಸುರುಳಿ ಸುತ್ತಿ, ಅದಕ್ಕೆಂದೇ ಹೂವಿನ ಬಟ್ಟೆಯ ಚೀಲ ಹೊಲಿದು, ಒಳಗೆ ತುರುಕಿ, ಲಾಡಿ ಕಟ್ಟಿ ಮೇಜಿನ ಕೆಳಗಿಟ್ಟಿದ್ದಳು. ನೋಡಿದವರೆಲ್ಲ ಭೇಷ್ ಅಂದಿದ್ದರು.

ಮಾವನಿಗಂತೂ ಆ ಚೀಲದ ಮೇಲೆ ಎಲ್ಲಿಲ್ಲದ ಪ್ರೀತಿ. ಪಕ್ಕದಲ್ಲಿ ಕೂತು ಸೊಸೆ ಹೊಲಿದ ಅಂಗಿಗಳಿಗೆ ಗುಂಡಿ ಹಾಕುತ್ತಾ, ಸದಾ ತಣ್ಣಗಿರುವ ಪಾದಗಳನ್ನು ಅದರ ಮೇಲಿಡುತ್ತಿದ್ದರು.

"ಇದೇನಮ್ಮಾ ಮಾಯೆ! ನೀನು ಮೇಲೆ ಇಸ್ತ್ರಿ ಮಾಡಿದ್ರೆ ಕೆಳಗೆ ನನ್ನ ಕಾಲು ಬೆಚ್ಚಗಾಗುತ್ತೆ," ಅಂದರು ಒಂದು ದಿನ.

ಹೊಲಿಗೆಯಕ್ಕನ ಕೈ ನಿಂತಿತು. ಇಸ್ತ್ರಿಯ ಬಿಸಿ ಮೇಜಿನ ಕೆಳಗೇಕೆ ಬಂತು? ತಲೆಗೆ ಹುಳ ಬಿಟ್ಟಂತಾಯಿತು. ವೈರಿಂಗ್ ಕೆಲಸ ಮಾಡುವ ತಂಗಿಗೆ ಫೋನು ಮಾಡಿದಳು.

"ಅಕ್ಕಾ, ಮೊದಲು ಮಾವನ ಕಾಲು ತೆಗೆಸು. ಗೋಡೆ ಸ್ವಿಚ್ ಆರಿಸಿ ಪ್ಲಗ್ ಕೀಳು. ಈಗ ಬಂದೆ," ಅಂದಳು ತಂಗಿ.

ಬಂದವಳೇ ಲಾಡಿ ಬಿಚ್ಚಿದಳು. ಚೀಲದ ಒಳಬದಿ ಸೀದು ಕಂದಾಗಿತ್ತು. ವೈರಿನ ಸುತ್ತುಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಪಕ್ಕದಲ್ಲೇ ಬಟ್ಟೆಯ ರಾಶಿ, ಅದರ ಪಕ್ಕ ಮಾವ. ಹೊಲಿಗೆಯಕ್ಕ ರಾಶಿಯನ್ನು ದೂರಕ್ಕೆ ಎಳೆದಳು.

"ಇಷ್ಟು ದಪ್ಪ ವೈರಿಗೆ ಏನಾಗುತ್ತಮ್ಮಾ?" ಮಾವ ಒಪ್ಪಲಿಲ್ಲ.

ತಂಗಿ ವೈರು ತುಂಡರಿಸಿ ತುದಿ ಸುಲಿದಳು. ಹೊರಗೆಲ್ಲ ಪ್ಲಾಸ್ಟಿಕ್ಕು. ಒಳಗೆ ಎರಡೇ ತಂತಿ, ಒಂದೊಂದರಲ್ಲೂ ಕೂದಲಿನಂಥ ನಾಲ್ಕಾರು ಎಳೆ.

"ಮೇಲೆ ಕೋಟು, ಒಳಗೆ ಹರಕು ಬನಿಯನ್ನು!" ಮಾವ ಬೆಪ್ಪಾದರು.

"ಇಸ್ತ್ರಿ ಎಳೆಯೋ ಕರೆಂಟನ್ನ ಇಷ್ಟು ತೆಳು ಎಳೆ ತಾಳದೆ ಕಾದಿದೆ. ಅಕ್ಕಾ, ಬಟ್ಟೆ ಕೊಳ್ಳೋವಾಗ ಬೆಳಕಿಗೆ ಹಿಡಿದು ಎಳೆ ನೋಡ್ತೀಯ. ವೈರನ್ನ ಮಾತ್ರ ಮೈ ನೋಡಿ ತಂದುಬಿಟ್ಟೆಯಾ?"

"ಅಂಗಡೀಲಿ ಸುಲಿದು ನೋಡೋಕಾಗುತ್ತೇನೇ?"

"ಸುಲೀಬೇಡ, ಓದು. ಅಳತೆ ವೈರಿನ ಮೈಮೇಲೇ ಅಚ್ಚಾಗಿರುತ್ತೆ. ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ವೈರು ತಗೋ. ಗುಣಮಟ್ಟದ ಮುದ್ರೆ ಇರಲಿ. ಒಳಗೆ ಮೂರು ತಂತಿ ಇರಬೇಕು, ಮೂರನೆಯದು ಅರ್ತಿಂಗ್, ಸೋರಿದ ಕರೆಂಟನ್ನ ನೆಲಕ್ಕಿಳಿಸೋದು. ನಿನ್ನದರಲ್ಲಿ ಎರಡೇ ಇದೆ. ಇಸ್ತ್ರಿಯ ಮೈಗೆ ಕರೆಂಟ್ ಬಂದಿದ್ರೆ ನಿನ್ನ ಗತಿ?"

"ಸರಿ ಮಾರಾಯ್ತಿ. ಒಳ್ಳೇ ವೈರು ತಂದು ಇದೇ ಥರ ಚೀಲಕ್ಕೆ ಹಾಕ್ತೀನಿ."

"ಅಯ್ಯೋ, ನಿನ್ನ ಅಚ್ಚುಕಟ್ಟಿಗೆ ದೊಡ್ಡ ನಮಸ್ಕಾರ! ಸುತ್ತಿ ಮುಚ್ಚಿದ್ರೆ ಬಿಸಿ ಹೋಗೋದೆಲ್ಲಿಗೆ? ಬೇಕಾದಷ್ಟೇ ಉದ್ದ ತಗೊಂಡು ಬಿಡಿಸಿ ಹಾಕು. ಇಸ್ತ್ರಿ ಮಾತ್ರ ನೇರ ಗೋಡೆಯ ದೊಡ್ಡ ಪ್ಲಗ್ಗಿಗೆ."

ಮರುದಿನವೇ ಎರಡು ಮೀಟರಿನ ಹೊಸ ಬೋರ್ಡು ಬಂತು. ಇಸ್ತ್ರಿ ಗೋಡೆಯ ಪಕ್ಕಕ್ಕೆ ಹೋಯಿತು. ಇಡೀ ದಿನ ಹೊಲಿದು ಮುಗಿದ ಮೇಲೆ ಪ್ಲಗ್ ಕಿತ್ತು, ಮಾವನೇ ಬಗ್ಗಿ ವೈರು ಮುಟ್ಟಿ ನೋಡಿದರು.

"ತಣ್ಣಗಿದೆ ಕಣಮ್ಮಾ. ನನ್ನ ಕಾಲಿನ ಹಾಗೇ!"

ಸೊಸೆ ನಗುತ್ತಾ ಮಿಕ್ಕ ಹೂವಿನ ಬಟ್ಟೆಗೆ ಹತ್ತಿ ತುಂಬಿ ಮಾವನ ಪಾದಕ್ಕೆ ಎರಡು ಗವುಸು ಹೊಲಿದುಕೊಟ್ಟಳು.

ನೀವೂ ಇವತ್ತೇ ನಿಮ್ಮ ಮೇಜಿನ ಕೆಳಗೆ ಒಮ್ಮೆ ಬಗ್ಗಿ ನೋಡಿ. ಕೆಲಸ ಮುಗಿದ ಕೂಡಲೇ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ವೈರಿನ ಮೇಲೆ ಕೈಯಿಡಿ. ಬಿಸಿಯಾಗಿದ್ದರೆ ಮತ್ತೆ ಹಾಕಬೇಡಿ, ಬಲ್ಲವರಿಗೆ ತೋರಿಸಿ. ಮನೆಯವರ ಕಾಲು ಬೆಚ್ಚಗಿಡಲು ಬಟ್ಟೆಯಿದೆ. ವೈರು ತಣ್ಣಗೇ ಇರಲಿ.