ಮಾತು ಕೇಳುವ ಸೊಸೆ

ಮಾರ್ಚ್ ತಿಂಗಳು ಬಂದು, ಕುರಿಗಳು ಮರಿ ಹಾಕಲು ಶುರುಮಾಡಿ, ಅಂತೂ ಚಳಿಗಾಲ ಮುಗಿಯಿತೆಂದು ನಾರಿನ್ ಕಣಿವೆಯ ಜನ ಉಸಿರು ಬಿಟ್ಟ ಮೇಲೆಯೇ ಹಿಮಗಾಳಿ ಬಂತು. ಅದರ ಬುದ್ಧಿಯೇ ಅಂಥದು. ಬೆಳಿಗ್ಗೆ ಕರೆಂಟ್ ಹೋಯಿತು, ಅದರ ಹಿಂದೆಯೇ ಫೋನೂ ಸತ್ತಿತು. ಮಧ್ಯಾಹ್ನದ ಹೊತ್ತಿಗೆ ಅಂಗಳದ ಬೇಲಿಯೂ ಕಾಣದಾಯಿತು.

ನುರ್ಜಾತ್ ಹಸಿ ಬಾಣಂತಿ. ಮಗುವಿಗಿನ್ನೂ ನಲವತ್ತು ದಿನ ತುಂಬಿರಲಿಲ್ಲ. ತುಂಬುವವರೆಗೆ ಅದನ್ನು ಹೊಸ್ತಿಲು ದಾಟಿಸುವಂತಿಲ್ಲ, ಹೊರಗಿನ ಗಾಳಿ ಅದಕ್ಕೆ ಸೋಕುವಂತಿಲ್ಲ. ಗಂಡ ಮಂದೆಯ ಜೊತೆ ಬೆಟ್ಟದ ಮೇಲಿದ್ದ. ಮನೆಯಲ್ಲಿ ಅವಳು, ತೊಟ್ಟಿಲ ಕೂಸು, ಅತ್ತೆ ಬಾತ್ಮಾ ಅಪಾ, ಇಷ್ಟೇ ಜನ. ಅಪಾಗೆ, ಎಂದರೆ ಆ ಮನೆಯ ಅಮ್ಮನಿಗೆ, ಈ ಸೊಸೆಯ ಬಗ್ಗೆ ಹೇಳಲಾರದಷ್ಟು ಹೆಮ್ಮೆ. ಮದುವೆ ಊಟವಿರಲಿ, ಸಾವಿನ ಊಟವಿರಲಿ, "ನನ್ ಸೊಸೆ ಬಾಯಿಗೆ ಬೀಗ ಹಾಕ್ಕೊಂಡೇ ಬಂದವಳು, ಒಂದಿನ ಎದುರು ಮಾತಾಡಿಲ್ಲ" ಎಂದು ಊರಿಗೆಲ್ಲ ಸಾರಿದ್ದಳು. ಹೊಗಳಿಕೆ ಕೇಳಿ ಕೇಳಿ ನುರ್ಜಾತಳಿಗೂ ಅದು ಅಭ್ಯಾಸವಾಗಿಹೋಗಿತ್ತು.

ಕರೆಂಟಿನ ಹೀಟರ್ ತಣ್ಣಗಾದದ್ದೇ ಅಪಾ ಹಳೆಯ ಒಲೆಗೆ ಕಲ್ಲಿದ್ದಲು ಸುರಿದು ಹಚ್ಚಿದಳು. ಬಾಗಿಲ ಸಂದಿಗೆಲ್ಲ ಹಳೆ ಬಟ್ಟೆ ತುರುಕಿದಳು. ಉರಿ ಇಳಿದು ಕೆಂಡ ಕೆಂಪಾಯಿತೋ ಇಲ್ಲವೋ, ಹೊಗೆ ಹೋಗುವ ಕೊಳವೆಯ ತಗಡನ್ನು ಅಡ್ಡ ತಳ್ಳಿ ಮುಚ್ಚಿಬಿಟ್ಟಳು. ಬೆರಣಿ ಉರಿಸಿ ಬೆಳೆದ ಕೈ ಅದು. ಬೆರಣಿ ಬೇಗ ಬೂದಿಯಾಗುತ್ತದೆ, ತಗಡು ಮುಚ್ಚಿದರೆ ಬಿಸಿ ಮನೆಯಲ್ಲೇ ನಿಲ್ಲುತ್ತದೆ. ಕಲ್ಲಿದ್ದಲು ಹಾಗಲ್ಲ. ಆರಿದಂತೆ ನಟಿಸುತ್ತ ಒಳಗೊಳಗೇ ಉರಿಯುತ್ತಿರುತ್ತದೆ, ಬಣ್ಣವಿಲ್ಲದ, ವಾಸನೆಯಿಲ್ಲದ ವಿಷವನ್ನು ಕಕ್ಕುತ್ತಿರುತ್ತದೆ.

ನುರ್ಜಾತ್ ಒಲೆಯ ಬಾಯಿ ತೆರೆದು ನೋಡಿದಳು.

"ಅಪಾ, ಇನ್ನೂ ನೀಲಿ ಉರಿ ಇದೆ. ತಗಡು ಒಂಚೂರು ತೆಗೀಲಾ?"

"ತೆಗೆದು? ಆಕಾಶಕ್ಕೆ ಬಿಸಿ ಮಾಡ್ತೀಯಾ? ಮಗು ಮೂಗು ಮುಟ್ಟಿ ನೋಡು, ಹೇಗೆ ಕೊರೀತಿದೆ."

"ನಮ್ಮ ತವರಲ್ಲಿ ಪಕ್ಕದ ಮನೆಯವರು ಹೀಗೇ ಮುಚ್ಚಿಕೊಂಡು ಮಲಗಿ..."

"ನಿಮ್ಮ ಕಡೆಯೋರಿಗೆ ಒಲೆ ಹಚ್ಚೋಕೆ ಬರಲ್ಲ ಅಂದ್ರೆ ನಾನೇನಮ್ಮಾ ಮಾಡ್ಲಿ? ಐದು ಮಕ್ಕಳನ್ನ ಇದೇ ಒಲೆ ಮುಂದೆ ಸಾಕಿದೀನಿ. ಬಾಗಿಲು, ಕಿಟಕಿ, ತಗಡು, ಯಾವುದನ್ನೂ ಮುಟ್ಟಬೇಡ. ಈ ಕೂಸಿಗೆ ಒಂದು ಉಸಿರು ಗಾಳಿ ತಗುಲಿದ್ರೆ ನಿನ್ನ ಸುಮ್ನೆ ಬಿಡಲ್ಲ. ಕೂತ್ಕೊಂಡು ಸಾರು ಕುಡಿ."

ನುರ್ಜಾತ್ ಕೂತಳು. ಇಲ್ಲೇ ನೋಡಿ ನನಗೆ ಅವಳ ಮೇಲೆ ಸಿಟ್ಟು ಬರುವುದು. ಗೊತ್ತಿದ್ದೂ ಕೂತಳು. ದೊಡ್ಡವರು ಹೇಳಿದ್ದಾಯಿತು, ಇನ್ನು ಹೊಣೆ ಅವರದು ಎಂದುಕೊಂಡು ಕುರಿ ಸಾರಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಬಟ್ಟಲು ಖಾಲಿಯಾಗುವ ಮೊದಲೇ ತಲೆ ಸಿಡಿಯತೊಡಗಿತು. "ಬಾಣಂತಿ ವಾಯು ಅದು, ತಲೆಗೆ ಬಟ್ಟೆ ಬಿಗಿಯಾಗಿ ಕಟ್ಕೋ" ಎಂದಳು ಅಪಾ. ಹೇಳುವಾಗ ಅವಳ ಮಾತೇ ಎಳೆದಂತಿತ್ತು. ಚಹಾಕ್ಕೆ ನೀರಿಡುತ್ತೇನೆಂದು ಎದ್ದವಳು ಕೆಟಲ್ ಸಮೇತ ಒಲೆಯ ಪಕ್ಕಕ್ಕೆ ಕುಸಿದಳು.

"ಅಪಾ! ಅಪಾ!"

ಅಪಾಳ ಕಣ್ಣು ಅರ್ಧ ತೆರೆದಿತ್ತು. ಆಗ ನುರ್ಜಾತಳಿಗೆ ಇನ್ನೊಂದು ವಿಷಯ ಗಮನಕ್ಕೆ ಬಂತು. ಇಷ್ಟು ಹೊತ್ತು ರಚ್ಚೆ ಹಿಡಿದು ಅಳುತ್ತಿದ್ದ ಕೂಸು ಸುಮ್ಮನಾಗಿತ್ತು.

ಅವಳು ತೆವಳಿಕೊಂಡು ಹೋಗಿ ತಗಡನ್ನು ಎಳೆದಳು. ಬಟ್ಟೆ ಕಿತ್ತೆಸೆದು ಬಾಗಿಲಿಗೆ ಭುಜ ಕೊಟ್ಟಳು. ಹೊರಕ್ಕೆ ತೆರೆಯುವ ಬಾಗಿಲು, ಆಚೆ ಸೊಂಟದೆತ್ತರ ಹಿಮ. ಅದು ಅಲುಗಲಿಲ್ಲ. ಕೂಸನ್ನು ತೊಟ್ಟಿಲಿಗೆ ಬಿಗಿದಿದ್ದ ಪಟ್ಟಿಗಳನ್ನು ಬಿಚ್ಚಲು ಬೆರಳು ಮಾತು ಕೇಳದೆ, ಹಲ್ಲಿನಿಂದ ಕಚ್ಚಿ ಎಳೆದು ಮಗುವನ್ನು ಎತ್ತಿಕೊಂಡಳು. ಅದರ ತಲೆ ಅವಳ ತೋಳಿನ ಮೇಲೆ ಒಂದು ಕಡೆಗೆ ವಾಲಿತು.

ಉಳಿದದ್ದು ಕಿಟಕಿ. ಚಳಿಗಾಲಕ್ಕೆಂದು ಸುತ್ತ ಕಾಗದ ಮೆತ್ತಿ ಮುಚ್ಚಿದ ಜೋಡಿ ಗಾಜು. ಒಲೆ ಕೆದಕುವ ಕಬ್ಬಿಣದ ಸಲಾಕೆ ಅವಳ ಕೈಗೆ ಬಂದಿತ್ತು. ಆದರೂ ಅವಳು ಹೊಡೆಯಲಿಲ್ಲ, ನಿಂತಳು. ಆಚೆ ಕೊಲ್ಲುವ ಚಳಿ, ಒಳಗೆ ಕೊಲ್ಲುವ ಬಿಸಿ. ಒಂದು ಉಸಿರು ಗಾಳಿ ತಗುಲಿದ್ರೆ ಎಂದಿದ್ದಳಲ್ಲ ಅತ್ತೆ. ಎಷ್ಟು ಹೊತ್ತು ನಿಂತಳೋ, ಆಮೇಲೆ ಎಷ್ಟು ನೆನಪಿಸಿಕೊಂಡರೂ ಅವಳಿಗೆ ಹೊಳೆಯಲಿಲ್ಲ.

ಕೊನೆಗೆ ಹೊಡೆದಳು. ಮೊದಲ ಗಾಜು, ಎರಡನೆಯ ಗಾಜು. ಹಿಮ ಮುಖಕ್ಕೆ ರಾಚಿತು. ಕೂಸಿನ ಮುಖವನ್ನು ಆ ತೂತಿಗೆ ಹಿಡಿದು ಅಂಗಾಲು ತಿಕ್ಕಿದಳು. ಕೂಸು ಅಲುಗಲಿಲ್ಲ.

ಗಾಳಿ ಒಂದು ಗಳಿಗೆ ತಗ್ಗಿದಾಗ ಎದುರು ಮನೆಯ ಮಾಡಿನ ಮೇಲೆ ಹಿಮ ಸರಿಸುತ್ತಿದ್ದ ಗಂಡಸು ಕಂಡ. ಗಂಡನ ಅಣ್ಣ ಎಸೆನ್.

"ಅಗಾ! ಅಗಾ!"

ಎಸೆನ್ ತಲೆಯೆತ್ತಿದ, ಮತ್ತೆ ಬಗ್ಗಿ ಸಲಿಕೆ ಹಾಕಿದ. ಅಗಾ ಎಂದರೆ ಅಣ್ಣ, ಆ ಬೀದಿಯಲ್ಲಿ ಮನೆಗೊಬ್ಬ ಅಗಾ. ಯಾವ ಅಗಾನನ್ನು ಯಾರು ಕರೆದರೋ. ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆಯಾದವಳು ಸಾಯುವವರೆಗೂ ನಾಲಿಗೆಗೆ ತರುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ನುರ್ಜಾತ್ ಒಬ್ಬಳೇ ಇರುವಾಗಲೂ ಆ ಹೆಸರು ಹೇಳಿರಲಿಲ್ಲ.

"ಎಸೆನ್! ಏ ಎಸೆನ್! ಬಾರೋ!"

ಸಲಿಕೆ ಮಾಡಿನಿಂದ ಜಾರಿ ಬಿತ್ತು, ಅದರ ಹಿಂದೆಯೇ ಎಸೆನ್ ಧುಮುಕಿದ.

ಅವನು ಕೈಯಿಂದಲೂ ಸಲಿಕೆಯಿಂದಲೂ ಹಿಮ ಬಗೆದು ಬಾಗಿಲು ಕಿತ್ತ. ತಾಯಿಯನ್ನು ಕಂಕುಳಲ್ಲಿ ಹಿಡಿದು ಹೊರಗೆಳೆದು ತನ್ನ ಕುರಿದೊಗಲ ಕೋಟು ಹೊದಿಸಿದ. ನುರ್ಜಾತ್ ಹಿಮದಲ್ಲೇ ಕೂತು ಕೂಸಿನ ಬಾಯಿಗೆ ಬಾಯಿಟ್ಟು ಉಸಿರು ಊದುತ್ತಿದ್ದಳು. ಊದಿದಳು, ಬೆನ್ನು ತಟ್ಟಿದಳು, ಬೈದಳು, ಮತ್ತೆ ಊದಿದಳು. ಕೊನೆಗೊಮ್ಮೆ ಕೂಸು ಕೆಮ್ಮಿ, ಸಣ್ಣಗೆ ರಾಗ ತೆಗೆದು, ಆಮೇಲೆ ಬೀದಿ ಒಂದಾಗುವಂತೆ ಅತ್ತಿತು. ಅಷ್ಟು ಚಂದದ ಅಳುವನ್ನು ಆ ಊರು ಕೇಳಿರಲಿಕ್ಕಿಲ್ಲ.

ಎಸೆನನ ಮನೆಯಲ್ಲಿ ವಾಂತಿ ಮಾಡಿಕೊಂಡು, ಬಿಸಿ ಹಾಲು ಕುಡಿದ ಮೇಲೆ ಬಾತ್ಮಾ ಅಪಾಳ ಕಣ್ಣಿಗೆ ಬೆಳಕು ಬಂತು. ಎಸೆನ್ ನಗುತ್ತ ಕಣ್ಣೊರೆಸಿಕೊಂಡ.

"ಅಪಾ, ನಿನ್ನ ಬೀಗದ ಬಾಯಿ ಸೊಸೆ ನನ್ನನ್ನ ಹೆಸರು ಹಿಡಿದು ಕೂಗಿದ್ಳು. ಅದೂ ಬಾರೋ ಅಂತ! ನೀನೇ ಕೂಗಿದೆ ಅಂದ್ಕೊಂಡು ಎದ್ದೂ ಬಿದ್ದೂ ಓಡ್ಬಂದೆ."

ನುರ್ಜಾತ್ ತಲೆ ತಗ್ಗಿಸಿದಳು. "ತಪ್ಪಾಯ್ತು ಅಪಾ. ಕಿಟಕೀನೂ ಒಡೆದುಬಿಟ್ಟೆ. ಮಗೂಗೆ ಗಾಳಿ ತಗುಲ್ತು."

"ಇಲ್ಲಿ ಬಾ."

ಅವಳು ಕೂಸನ್ನು ಎತ್ತಿಕೊಂಡೇ ಹತ್ತಿರ ಹೋಗಿ ಕೂತಳು. ಅಪಾಳ ನಾಲಿಗೆ ಇನ್ನೂ ತೊದಲುತ್ತಿತ್ತು.

"ನೀನು ಕರೆದಿದ್ದೆಲ್ಲ ನಂಗೆ ಕೇಳ್ತಿತ್ತು ಮಗಳೇ. ಕೈಕಾಲು ಬರ್ತಿರ್ಲಿಲ್ಲ, ಬಾಯಿ ಬರ್ತಿರ್ಲಿಲ್ಲ. ಕೂಸು ಸುಮ್ನಾಗಿದ್ದೂ ಗೊತ್ತಾಯ್ತು. ನೀನು ಸಲಾಕೆ ಹಿಡ್ಕೊಂಡು ಕಿಟಕಿ ಹತ್ರ ನಿಂತೆ. ನಿಂತೇ ಇದ್ದೆ. ಯಾಕೆ ನಿಂತಿದೀಯ ಅಂತ ನಂಗಲ್ದೆ ಇನ್ಯಾರಿಗೆ ಗೊತ್ತು?" ಅವಳು ಸೊಸೆಯ ಕೈ ಹಿಡಿದುಕೊಂಡಳು. "ದೇವ್ರೇ, ಇವತ್ತೊಂದಿನ ಇವಳು ನನ್ನ ಮಾತು ಕೇಳದೆ ಇರ್ಲಿ ಅಂತ ಬಿದ್ದಲ್ಲೇ ಬೇಡ್ಕೊಂಡೆ ಕಣೇ."