ಜರೀಗಿಡದ ವಿಳಾಸ

"ಅಲ್ಲೇನೂ ಇಲ್ಲ ಟೀಚರ್. ಎರಡು ಸಲ ಹೋಗ್ಬಂದೆ. ಬರೀ ಕಲ್ಲು, ಕಳ್ಳಿ. ಬಂದ ಲಾಭ ಅಂದ್ರೆ ಕಾಲಿಗೆ ಚುಚ್ಚಿದ ಮುಳ್ಳು."

ನೆರೇಯ್ಡಾ ಹಾಳೆಯನ್ನು ಒಫೇಲಿಯಾಳ ಕಡೆಗೆ ಸರಿಸಿದಳು. ಅದಕ್ಕೆ ಅಂಟಿಸಿದ್ದ ಒಣ ಜರೀಗಿಡ ಅಂಗೈಯಷ್ಟೂ ಇರಲಿಲ್ಲ; ಎಲೆಗಳ ಅಡಿಯಲ್ಲಿ ಹಿಟ್ಟು ಉದುರಿಸಿದಂಥ ಬಿಳುಪು ಇನ್ನೂ ಹಾಗೇ ಇತ್ತು. ಗಿಡ ಸಿಕ್ಕ ಜಾಗ ಬರೆದ ಮೂಲೆಯ ಚೀಟಿಯಲ್ಲಿ ಒಫೇಲಿಯಾಳದೇ ದುಂಡಕ್ಷರ: ಸೊನೊರಾ ಪ್ರಾಂತ್ಯ, ಕತ್ತೆ ಕಣಿವೆ, ಮಾರ್ಚ್ 1987.

ಸಸ್ಯ ಸಂಗ್ರಹಾಲಯದ ಹಳೆಯ ಚೀಟಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ಈಗ ನೆರೇಯ್ಡಾಳದು. ನಿವೃತ್ತಳಾಗಿ ಏಳು ವರ್ಷವಾಗಿದ್ದ ಗುರು ಒಫೇಲಿಯಾಳನ್ನು ಅವಳೇ ಫೋನು ಮಾಡಿ ಕರೆಸಿದ್ದಳು.

"ಈ ಜಾತೀದು ನಮ್ಮಲ್ಲಿರೋದು ಇದೊಂದೇ ಹಾಳೆ. 'ನಶಿಸಿದೆ' ಅಂತ ಬರೆದ್ಬಿಡ್ಲಾ?"

ಹೂಂ ಅಂದುಬಿಡುವುದು ಸುಲಭವಿತ್ತು. ಒಫೇಲಿಯಾ ಅನ್ನಲಿಲ್ಲ.

"ಬರೀಬೇಡ. ಗಿಡ ಇದೆ, ಹೋದ ಮಳೆಗಾಲ ನೋಡ್ಬಂದೆ. ಚೀಟೀಲಿರೋ ಜಾಗ ಸುಳ್ಳು."

"ತಪ್ಪಾಗಿತ್ತಾ?"

"ತಪ್ಪಲ್ಲ ಮಗಳೇ, ಸುಳ್ಳು. ಬೇಕಂತಲೇ ಬರೆದದ್ದು."

1987ರ ಆ ಮಾರ್ಚಿನಲ್ಲಿ ಜೀಪು ಕೆಟ್ಟು, ನೀರು ಮುಗಿದು, ಒಫೇಲಿಯಾ ಬಿಸಿಲಲ್ಲಿ ನಡೆದು ನಡೆದು ಎಲಿಸೆಯೊ ಎಂಬ ದನಗಾರನ ಮನೆ ಮುಟ್ಟಿದ್ದಳು. ಅವನ ಹೆಂಡತಿ ಗೋಧಿರೊಟ್ಟಿ, ಬೇಯಿಸಿದ ಕಾಳು ಬಡಿಸಿದ್ದಳು. ಉಂಡಾದ ಮೇಲೆ ಎಲಿಸೆಯೊ ಹಿತ್ತಲಿನ ಬಂಡೆ ಸೀಳಿಗೆ ಕರೆದೊಯ್ದು ಒರತೆ ತೋರಿಸಿದ. ಅದರ ಪಕ್ಕದ ನೆರಳಲ್ಲಿ ಈ ಜರೀಗಿಡ. ಆ ವರ್ಷ ಗಣಿಯವರು ನೀರು ಹುಡುಕಿಕೊಂಡು ಊರೂರು ಅಲೆಯುತ್ತಿದ್ದರು.

"ಸೊಪ್ಪು ಎಷ್ಟು ಬೇಕಾದ್ರೂ ಕಿತ್ಕೊಳ್ಳಿ ತಾಯಿ," ಎಂದಿದ್ದ ಎಲಿಸೆಯೊ. "ಈ ಜಾಗ ಮಾತ್ರ ಕಾಗದಕ್ಕೆ ಹತ್ಬಾರ್ದು. ಕಾಗದಕ್ಕೆ ಹತ್ತಿದ ನೀರು ನಮ್ಮದಾಗಿ ಉಳಿಯಲ್ಲ."

ಅವಳು ಮಾತು ಕೊಟ್ಟಿದ್ದಳು. ಇದನ್ನೆಲ್ಲ ಈಗ ನೆರೇಯ್ಡಾಳಿಗೆ ಬಿಡಿಸಿ ಹೇಳಿದಳು.

ನೆರೇಯ್ಡಾಳ ಮುಖ ಬಿಗಿದಿತ್ತು. "ಜಾಗ ಅಂದಾಜಿಗೆ ಬರೆದೆ ಅಂತ ಕ್ಲಾಸಲ್ಲಿ ಎಲ್ಲರ ಮುಂದೆ ನನ್ನ ಚೀಟಿ ಹರಿದು ಹಾಕಿದ್ರಿ ನೀವು. ಮೂರು ದಿನ ಅತ್ತಿದ್ದೆ."

"ಹರಿದಿದ್ದೆ. ನೆನಪಿದೆ."

"ನಿಮ್ಮ ಹಾಳೆ ನಾಲ್ಕು ಸಾವಿರ ಇವೆ ಇಲ್ಲಿ. ಅದ್ರಲ್ಲಿ ಇಂಥವು ಎಷ್ಟು?"

"ಇದೊಂದೇ. ಆದ್ರೆ ನಾನಂದೆ ಅಂತ ನಂಬಬೇಡ ಇನ್ಮೇಲೆ."

"ಈಗಲಾದ್ರೂ ಜಾಗ ಹೇಳಿ."

"ಎಲಿಸೆಯೊ ತೀರ್ಕೊಂಡ. ಮಗಳು ದನ ನೋಡ್ಕೊಂಡು ಅಲ್ಲೇ ಇದ್ದಾಳೆ. ಅವಳನ್ನ ಕೇಳ್ತೀನಿ. ಅವಳು ಬೇಡ ಅಂದ್ರೆ ಇಲ್ಲ."

ಒಫೇಲಿಯಾ ಒಂದು ಖಾಲಿ ಚೀಟಿ ಕೇಳಿ ತೆಗೆದುಕೊಂಡಳು. ಅಕ್ಷರ ಮೊದಲಿನಂತೆ ದುಂಡಗೇ ಬಂದವು. *ಕೆಳಗಿನ ಚೀಟಿಯ ಜಾಗ ನಿಜವಲ್ಲ. ತಿಳಿದೇ ಬರೆದೆ. ಗಿಡ ಬೇರೆಡೆ ಜೀವಂತವಾಗಿದೆ.* ತಾರೀಖು ಹಾಕಿ ಪೂರ್ತಿ ಹೆಸರು ಬರೆದಳು. ನೆರೇಯ್ಡಾ ಅದನ್ನು ಓದಿ, ಹಳೆಯ ಚೀಟಿಯ ಮೇಲ್ಗಡೆ ಅಂಟಿಸಿದಳು. ಹಳೆಯದನ್ನು ಮುಚ್ಚಲಿಲ್ಲ.

ಕಟ್ಟಿನಿಂದ ಮುಂದಿನ ಹಾಳೆ ಬಂತು. ಅದೂ ಒಫೇಲಿಯಾಳದೇ.

"ಇದು?"

"ಇದು ಸರಿಯಾಗಿದೆ."

ನೆರೇಯ್ಡಾ ಆ ಜಾಗವನ್ನು ತಾನೇ ತಾಳೆ ನೋಡಲು ಜಿಲ್ಲೆಯ ನಕಾಶೆ ಬಿಚ್ಚಿ ಮೇಜಿನ ಮೇಲೆ ಹಾಸಿದಳು. ಮಡಿಕೆ ಬಿದ್ದ ಅಂಚು ಮತ್ತೆ ಮತ್ತೆ ಸುರುಳಿ ಸುತ್ತುತ್ತಿತ್ತು. ಒಫೇಲಿಯಾ ಕುರ್ಚಿಯನ್ನು ಹತ್ತಿರಕ್ಕೆಳೆದು, ಎರಡೂ ಅಂಗೈ ಊರಿ ಅದನ್ನು ಒತ್ತಿ ಹಿಡಿದು ಕೂತಳು.