ಫೋನಿಗೆ ಬಂದ ಆರು ಅಂಕಿ

ಕಾಂತರಾಜನಿಗೆ ಇಬ್ಬರು ಹೆಣ್ಣುಮಕ್ಕಳು. ಕ್ಯಾಸಂಬಳ್ಳಿ ಹತ್ತಿರದ ಊರಿಂದ ಮಾರಿಕುಪ್ಪಂಗೆ ಹೋಗಿ, ರೈಲು ಹಿಡಿದು, ಬೆಂಗಳೂರಲ್ಲಿ ಕಟ್ಟಡಗಳ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಕೆಟ್ಟವನಲ್ಲ, ಆದರೆ ಹಿಡಿದ ಮಾತು ಬಿಡುವವನೂ ಅಲ್ಲ. ದೊಡ್ಡವಳು ವನಿತಾ ಬಂಗಾರಪೇಟೆಯಲ್ಲಿ ಬಿ.ಕಾಂ. ಓದುತ್ತಿದ್ದಳು. ಹೋದ ವರ್ಷ ಫೀಸು ಹೊಂದಿಸಲಾಗದೆ ಬಿಟ್ಟು ಗಾರ್ಮೆಂಟ್ಸ್ ಸೇರಿದಳು. ಈಗ ಚಿಕ್ಕವಳು ಕಲ್ಪನಾಗೆ ನರ್ಸಿಂಗ್ ಸೀಟು ಸಿಕ್ಕಿದೆ. ಆದರೂ ಮನೆಯಲ್ಲಿ ಯಾರ ಮುಖದಲ್ಲೂ ನಗುವಿಲ್ಲ.

ಭಾನುವಾರ ಬೆಳಗ್ಗೆ ಮುನಿರತ್ನಮ್ಮ ಬಂದಳು. ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವ, ಅದೇ ಬೀದಿಯ ಹೆಂಗಸು.

"ಅಣ್ಣ, ಕಲ್ಪನಂಗೆ ಸ್ಕಾಲರ್‌ಶಿಪ್ ಅರ್ಜಿ ಆಕ್ಬೇಕು. ಇನ್ನು ನಾಕೇ ದಿನ ಇರೋದು."

"ಬ್ಯಾಡ ಬಿಡಮ್ಮ. ವನಿತಂಗೆ ಕೊಟ್ರಾ? ಸರ್ಕಾರದ ದುಡ್ಡು ನಮ್ಮಂತೋರ ತಾವ ಬರಾದಿಲ್ಲ. ಇವ್ಳೂ ಅಕ್ಕನ ಜೊತೆ ಕೆಲ್ಸಕ್ಕೆ ಓಗ್ಲಿ."

ಹೇಳಲೋ ಬೇಡವೋ ಎಂದು ಮುನಿರತ್ನಮ್ಮ ವನಿತಾಳ ಕಡೆ ನೋಡಿದಳು. ವನಿತಾ ತಲೆ ಎತ್ತದೆ ಸೊಪ್ಪು ಬಿಡಿಸುತ್ತಿದ್ದಳು.

"ಕೊಡಲ್ಲ ಅಂತ ಸರ್ಕಾರ ಅನ್ಲೇ ಇಲ್ಲಣ್ಣ. ಅವ್ಳ ಅರ್ಜಿನೇ ಓಗ್ಲಿಲ್ಲ. ಕಡೇ ದಿನ ನನ್ ಪಕ್ಕ ಕೂತು ನಿಂಗೆ ನಾಕು ಸಲ ಫೋನ್ ಮಾಡಿದ್ಲು. ಇಬ್ರ ಆಧಾರ್‌ಗೂ ಜೋಡ್ಸಿರೋದು ನಿನ್ ನಂಬರ್. ಅದ್ಕೆ ಬಂದ ಓಟಿಪಿ ಏಳಪ್ಪ ಅಂದ್ಲು. ನೀನು ಬೈದು ಇಟ್‌ಬಿಟ್ಟೆ."

ಕಾಂತರಾಜನಿಗೆ ನೆನಪಾಯಿತು. ಅವನ ಬೋಗಿಯಲ್ಲಿ ದಿನಾ ಜೊತೆಗೆ ಬರುವ ಚಿಕ್ಕಮುನಿಯಪ್ಪ, ಯಾರೋ ಫೋನಿನಲ್ಲಿ ಕೇಳಿದರೆಂದು ಓಟಿಪಿ ಹೇಳಿ ಖಾತೆಯಲ್ಲಿದ್ದುದನ್ನೆಲ್ಲ ಕಳೆದುಕೊಂಡಿದ್ದ. ಅಂದಿನಿಂದ ಹೆಂಡತಿ ಮಕ್ಕಳು ಕೇಳಿದರೂ ಆ ಅಂಕಿ ಹೇಳಕೂಡದೆಂದು ಬೋಗಿಯವರೆಲ್ಲ ಕಟ್ಟುಪಾಡು ಮಾಡಿಕೊಂಡಿದ್ದರು. ಅದಕ್ಕೇ ಹೆತ್ತ ಮಗಳನ್ನು ಗದರಿಸಿ ಫೋನು ಆಫ್ ಮಾಡಿದ್ದ. ಮರುದಿನ ರೈಲಿನಲ್ಲಿ ಅದನ್ನು ಜಂಬದಿಂದ ಹೇಳಿಕೊಂಡೂ ಇದ್ದ.

"ಯಾಕವ್ವ ನಂಗೇಳ್ಲಿಲ್ಲ?"

"ನೀನು ನೊಂದ್ಕೊಂತೀಯ ಅಂತ," ಎಂದಳು ವನಿತಾ.

ಕಾಂತರಾಜ ಜೇಬಿನಿಂದ ಫೋನು ತೆಗೆದು ಮುನಿರತ್ನಮ್ಮನ ಮುಂದಿಟ್ಟ.

"ಫೋನ್ ಮಾಡಿ ಯಾರೇ ಓಟಿಪಿ ಕೇಳಿದ್ರೂ ಏಳ್ಬ್ಯಾಡ, ಅದು ಸರಿ," ಎಂದಳು ಮುನಿರತ್ನಮ್ಮ. "ಆದ್ರೆ ನಾವೇ ಅರ್ಜಿ ಆಕೋವಾಗ ಬರೋದನ್ನ ನಾವೇ ಒತ್ಬೇಕು. ಅರ್ಜಿ ಆಕೋ ದಿನ ನೀನೇ ಬಂದು ಕೂತ್ಕೊ, ಇಲ್ಲ ಫೋನ್ ಮನೇಲಿ ಬಿಟ್ಟೋಗು. ನಾಡಕಚೇರಿಲಿ ಕಲ್ಪನಂಗೆ ಜಾತಿ, ಆದಾಯ ಪತ್ರ ತಗಂಡಿದೀವಿ. ಅವ್ಳ ಬ್ಯಾಂಕ್ ಖಾತೆಗೂ ಆಧಾರ್ ಜೋಡ್ಸಿ ಆಯ್ತು."

ಸೋಮವಾರ ಕಾಂತರಾಜ ಕೂಲಿ ಬಿಟ್ಟು, ಗ್ರಂಥಾಲಯದಲ್ಲಿ ಕಲ್ಪನಾಳ ಪಕ್ಕ ಕೂತ. ಓಟಿಪಿ ಬಂದಾಗ ಫೋನನ್ನು ಅವಳ ಕೈಗೇ ಕೊಟ್ಟ. ಅರ್ಜಿ ಹೋಯಿತು.

"ವನಿತಂದೂ ಈಗ್ಲೇ ಆಕ್ಬಿಡಮ್ಮ," ಎಂದ.

"ಇದು ಓದ್ತಾ ಇರೋರಿಗೆ ಕೊಡೋದಣ್ಣ. ಅವ್ಳು ಕಾಲೇಜು ಬಿಟ್ಟು ವರ್ಷ ಆಯ್ತು."

ಅಷ್ಟೊತ್ತಿಗೆ ವನಿತಾ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು.

ಹೆತ್ತವರೇ, ಮಕ್ಕಳ ಓದಿಗೆಂದು ಸರ್ಕಾರ ತೆಗೆದಿಟ್ಟ ಹಣ ಅರ್ಜಿ ಹಾಕದವರ ಮನೆಗೆ ಬರುವುದಿಲ್ಲ. ಕಡೆಯ ದಿನ ಯಾವುದೆಂದು ಕಾಲೇಜಿನಲ್ಲಿ ಇಂದೇ ವಿಚಾರಿಸಿ. ಆಧಾರ್‌ಗೆ ಜೋಡಿಸಿದ ಫೋನು ಅರ್ಜಿ ಹಾಕುವ ದಿನ ಮಕ್ಕಳ ಹತ್ತಿರ ಇರಲಿ. ತಪ್ಪು ತಿದ್ದಿಕೊಳ್ಳಲು ಕಾಂತರಾಜನಿಗೆ ಇನ್ನೊಬ್ಬ ಮಗಳಿದ್ದಳು. ನಿಮಗೆ ಒಬ್ಬಳೇ ಇರಬಹುದು.